ಹಕ್ಕಿಕಾಲು, ಕೆಳಗೆ ಮೂರು ಚುಕ್ಕಿ

ಮಾದನಹಿಪ್ಪರಗಾದ ಅಗಸರ ಪೀರಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಗುರುತು. ಊರಿನ ನಲವತ್ತಮೂರು ಮನೆಗಳ ಧೋತರ, ಅಂಗಿ, ಸೀರೆ, ಹಾಸಿಗೆ ವಸ್ತ್ರ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಸವಳುಮಣ್ಣು ಹಾಕಿ, ಹಬೆಯಲ್ಲಿ ಬೇಯಲು ಉಬ್ಬೆಗೆ ಇಟ್ಟು, ಹಳ್ಳದ ಬಂಡೆಗೆ ಒಗೆದು, ಒಣಗಿಸಿ, ಯಾರದ್ದು ಯಾರಿಗೆ ಎಂದು ಗಂಟು ಕಟ್ಟುವಾಗ ಅವನ ಕೈ ತಪ್ಪಿದ್ದನ್ನು ಕಂಡವರಿಲ್ಲ. ಪ್ರತಿ ಮನೆಗೂ ಒಂದು ಗುರುತಿತ್ತು. ಕೇರಬೀಜಕ್ಕೆ ಸೂಜಿ ಚುಚ್ಚಿ, ಅದರ ಕಪ್ಪು ಎಣ್ಣೆಯಿಂದ ಅಂಗಿಯ ಕೊರಳಪಟ್ಟಿಯ ಒಳಗೋ ಧೋತರದ ಅಂಚಿನಲ್ಲೋ ಗುರುತು ಬರೆದು, ಮೇಲೆ ಒಂದಿಷ್ಟು ಸುಣ್ಣ ತಿಕ್ಕಿದರೆ ಮುಗಿಯಿತು. ಬಟ್ಟೆ ಹರಿದು ಚಿಂದಿಯಾದರೂ ಗುರುತು ಹೋಗದು. ಗೌಡರ ಮನೆಗೆ ಎರಡು ಅಡ್ಡಗೆರೆ. ಗಾಣದ ಮನೆಗೆ ಒಂದು ಸುತ್ತು, ನಡುವೆ ಚುಕ್ಕಿ. ಶರಣಬಸಮ್ಮನ ಮನೆಗೆ ಹಕ್ಕಿಕಾಲು, ಕೆಳಗೆ ಮೂರು ಚುಕ್ಕಿ. ಎಲ್ಲ ಅವನ ಅಪ್ಪ, ಅಪ್ಪನ ಅಪ್ಪ ಇಟ್ಟ ಗುರುತುಗಳು. ಕೇರೆಣ್ಣೆ ಚರ್ಮ ಸುಡುತ್ತದೆ. ಪೀರಪ್ಪನ ಬಲಗೈಯ ಎರಡು ಬೆರಳ ತುದಿಗಳು ಸುಟ್ಟು ಸುಟ್ಟು ಕಲ್ಲಾಗಿದ್ದವು. ಯಾರಾದರೂ ಕೇಳಿದರೆ ಅದನ್ನು ತೋರಿಸುತ್ತಿದ್ದ, ಕೇಳದಿದ್ದರೂ ತೋರಿಸುತ್ತಿದ್ದ.

ಆಗ ನಿಜಾಮನ ಆಳಿಕೆ. ಆಚೆ ಕಡೆ ಸ್ವಾತಂತ್ರ್ಯ ಬಂದು ಮೂರು ತಿಂಗಳಾಗಿತ್ತು, ಈಚೆ ಕಡೆಗೆ ಅದು ಇನ್ನೂ ಕಾಲಿಟ್ಟಿರಲಿಲ್ಲ. ಊರೂರಿನಲ್ಲಿ ಬೆಳಗಿನ ಫೇರಿ ಶುರುವಾಗಿತ್ತು. ಹದಿನೈದಿಪ್ಪತ್ತು ಮಂದಿ ನಿಶಾನೆ ಹಿಡಿದು ಹಾಡು ಹೇಳುತ್ತ ಓಣಿ ಸುತ್ತಿ ಬರುವುದು. ಸರಹದ್ದಿನ ಆಚೆ ಸೊಲ್ಲಾಪುರದ ಕಡೆ ನಿಜಾಮನ ವಿರುದ್ಧ ಹೋರಾಡುವವರ ಕ್ಯಾಂಪುಗಳಿದ್ದವು. ಇಲ್ಲಿಂದ ಜನ ಹೋಗುವರು, ಅಲ್ಲಿಂದ ಚೀಟಿ ಬರುವವು. ಅಂಥ ಹೊತ್ತಿನಲ್ಲಿ ಆಳಂದದ ಠಾಣೆಯಿಂದ ಪೀರಪ್ಪನಿಗೆ ಕರೆ ಬಂತು.

ಹೆಂಡತಿ ದ್ರೌಪದಿ ಅಳುವುದಕ್ಕೆ ಕೂತಳು. ಪೀರಪ್ಪ ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡು ನಡೆದ. ಹೋಗಿ ನೋಡಿದರೆ ಠಾಣೆಯ ಅಧಿಕಾರಿ ಅಮೀನ್ ಸಾಹೇಬರು ಬೆಂಚು ತೋರಿಸಿದರು.

"ಕುಂದ್ರು ಪೀರಪ್ಪ."

"ನಿಂತೇ ಇರ್ತೇನ್ರಿ ಸರಕಾರ."

"ಕುಂದ್ರು ಅಂದೆ. ಎರಡು ದಿವಸದ ಕೆಲಸ ಅದ. ಎರಡು ದಿವಸ ನಿಂತೇ ಇರ್ತಿ ಏನು?"

ಠಾಣೆಯ ಬೆಂಚಿನ ಮೇಲೆ ಅಗಸನೊಬ್ಬ ಕೂತದ್ದು ಅದೇ ಮೊದಲಿರಬೇಕು. ಅಮೀನರು ಸಾವಧಾನವಾಗಿ ತಿಳಿಸಿ ಹೇಳಿದರು. ಜೇವರ್ಗಿಯ ಹತ್ತಿರ ಕಳುವಾಗಿತ್ತು. ಬಾವಿಯಲ್ಲಿ ಒಂದು ಬಟ್ಟೆಗಂಟು ಸಿಕ್ಕಿತು. ಯಾರ ಬಟ್ಟೆಯೆಂದು ತಿಳಿಯಲು ಒಂದು ತಿಂಗಳು ಹಿಡಿಯಿತು. ಎಲ್ಲ ಅಗಸರ ಗುರುತೂ ಒಂದು ವಹಿಯಲ್ಲಿ ಬರೆದಿಟ್ಟಿದ್ದರೆ ಒಂದು ಗಳಿಗೆಯ ಕೆಲಸ.

"ಹೈದರಾಬಾದಿನಾಗ ಬೆರಳಚ್ಚಿನ ದಫ್ತರ ಅದ," ಎಂದರು ಅಮೀನರು. "ಇಲ್ಲಿ ಎಷ್ಟ ಮಂದಿ ಬೆರಳ ತಗೋಬೇಕು? ಬಟ್ಟಿ ಮಾತ್ರ ಎಲ್ಲಾರ ಮೈಮ್ಯಾಲ ಇರ್ತದ. ಇದು ನಂದೇ ಅಕಲು. ಮ್ಯಾಲಿನವರೂ ಭಾಳ ಖುಷಿ ಆಗ್ಯಾರ."

ಪೊಲೀಸು ಜವಾನ ರಸೂಲ ವಹಿ ಬಿಚ್ಚಿ ಕುಳಿತ. ಪೀರಪ್ಪ ಕಲ್ಲುಬಳಪದಿಂದ ನೆಲದ ಮೇಲೆ ಗುರುತು ಬರೆಯುವುದು, ರಸೂಲ ನೋಡಿ ವಹಿಗೆ ಇಳಿಸುವುದು, ಪಕ್ಕದಲ್ಲಿ ಮನೆಯ ಹೆಸರು ಉರ್ದುವಿನಲ್ಲಿ ಬರೆಯುವುದು. ನಡುವೆ ಕಪ್ಪು-ಬಸಿಯಲ್ಲಿ ಚಹಾ ಬಂತು. ಪೀರಪ್ಪನಿಗೆ ಹಮ್ಮು ಏರಿತು. ಹಳ್ಳದ ಬಂಡೆಯ ಮೇಲೆ ಬೆನ್ನು ಬಾಗಿಸಿ ಮೂವತ್ತು ವರ್ಷ ಮಾಡಿದ ಕೆಲಸವನ್ನು ಯಾರಾದರೂ ವಿದ್ಯೆ ಎಂದು ಎಣಿಸಿದ್ದು ಅಂದೇ.

"ಅಲ್ಲಲ್ಲ ರಸೂಲಭಾಯಿ, ಹಕ್ಕಿಕಾಲಿಗಿ ಚುಕ್ಕಿ ಮಗ್ಗಲಾಗ ಅಲ್ಲ, ಕೆಳಗ. ಮಗ್ಗಲಾಗ ಇಟ್ರ ಅದು ಕಂಬಾರರ ಮನಿದು ಆಗ್ತದ."

ಅಮೀನರು ನಮಾಜಿಗೆ ಎದ್ದು ಹೋದಾಗ ರಸೂಲ ತಲೆ ಎತ್ತದೆ, ಬರೆಯುತ್ತಲೇ ಮೆಲ್ಲಗೆ ಅಂದ: "ಪೀರಪ್ಪಣ್ಣ, ಎಲ್ಲಾ ಹೇಳಬೇಕಂತ ಏನಿಲ್ಲ. ಉಳದದ್ದು ನೆನಪಿಲ್ಲ ಅಂದಬಿಡು. ನಾ ಅಷ್ಟೇ ಬರಕೋತೇನಿ."

ಪೀರಪ್ಪನಿಗೆ ಅದು ಅವಮಾನದಂತೆ ಕೇಳಿಸಿತು. "ನನಗ ನೆನಪಿಲ್ಲೇನು? ಕಣ್ಣ ಕಟ್ಟಿದ್ರೂ ಹೇಳ್ತೇನಿ. ಬರಿ ನೀ."

ರಸೂಲ ಮುಂದಿನದನ್ನು ಬರೆದುಕೊಂಡ. ಮರುದಿನ ಮಧ್ಯಾಹ್ನದ ಹೊತ್ತಿಗೆ ನಲವತ್ತಮೂರೂ ಮುಗಿದವು. ಊರಿಗೆ ಬಂದು ಪೀರಪ್ಪ ಎರಡು ವಾರ ಅದನ್ನೇ ಹೇಳಿಕೊಂಡು ಓಡಾಡಿದ.

ವಹಿಯ ಉಪಯೋಗ ಏನೆಂದು ಸಂಕ್ರಾಂತಿಯ ಹೊತ್ತಿಗೆ ತಿಳಿಯಿತು. ಅದರ ನಕಲು ಅಫಜಲಪುರಕ್ಕೂ ಜೇವರ್ಗಿಗೂ ಹೋಗಿತ್ತು. ಆ ಕಡೆಯ ಅಗಸರ ಗುರುತು ಇಲ್ಲಿಗೆ ಬಂದಿದ್ದವು. ದಾರಿಯ ನಾಕಾಗಳಲ್ಲಿ ಜವಾನರು ಹೆಸರು ಕೇಳುವುದನ್ನು ಬಿಟ್ಟರು. ಹೆಸರು ಯಾರು ಬೇಕಾದರೂ ಸುಳ್ಳು ಹೇಳಬಹುದು. "ಕೊರಳಪಟ್ಟಿ ಮಗಚು," ಎನ್ನುವರು. ಮಗುಚಿದರೆ ಮನೆ ಯಾವುದು, ಊರು ಯಾವುದು ಅಲ್ಲೇ ಬರೆದಿರುತ್ತಿತ್ತು. ಮಾದನಹಿಪ್ಪರಗಾದ ಗುರುತಿನವನು ಸರಹದ್ದಿನ ದಾರಿಯಲ್ಲಿ ಯಾಕೆ? ಒಳಗೆ ಕೂಡಿಸು. ಹಾಗೆ ಒಂದೇ ತಿಂಗಳಲ್ಲಿ ನಮ್ಮೂರಿನ ನಾಲ್ಕು ಮಂದಿ ಸಿಕ್ಕರು. ಫೇರಿಯಲ್ಲಿ ಇಪ್ಪತ್ತು ಇದ್ದವರು ಎಂಟಾದರು, ಎಂಟು ಮೂರಾಯಿತು. ನಿಶಾನೆ ಹಿಡಿಯುತ್ತಿದ್ದ ಮಲ್ಲಣ್ಣ ಮಾಸ್ತರರು ಒಬ್ಬರೇ ಎರಡು ದಿನ ಹಾಡಿ, ಮೂರನೆಯ ದಿನ ಮನೆಯಲ್ಲೇ ಉಳಿದರು. ಹೊಡೆತಕ್ಕೆ ಅಂಜಿದ್ದಲ್ಲ. ತಮ್ಮ ಮೈಮೇಲಿನ ಬಟ್ಟೆಯೇ ಬಾಯಿ ಬಿಡುತ್ತದೆ ಎಂದರೆ ಮನುಷ್ಯನಿಗೆ ಒಂಥರಾ ಆಗುತ್ತದೆ. ಯಾರನ್ನು ನಂಬಬೇಕು ಎಂಬುದೇ ತಿಳಿಯದಂತಾಗುತ್ತದೆ.

ಕೆಲವರು ಗುರುತಿದ್ದ ತುಂಡನ್ನು ಕತ್ತರಿಸಿ ತೆಗೆದರು. ಅದೂ ನಡೆಯಲಿಲ್ಲ. ಗುರುತು ಇಲ್ಲದ ಅಂಗಿ ಕಂಡರೆ ನಾಕಾದವರಿಗೆ ಇನ್ನೂ ಸಂಶಯ. ಹಲವು ಮನೆಯ ಹೆಣ್ಣುಮಕ್ಕಳು ತಾವೇ ಹಳ್ಳಕ್ಕೆ ಬಟ್ಟೆ ತರತೊಡಗಿದರು. ಪೀರಪ್ಪ ಎದುರಿಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಗಾಣದ ಮನೆಯ ಮುದುಕಿ ಮಾತ್ರ ಮುಚ್ಚಿಡದೆ ಅಂದಳು: "ಏ ಪೀರ್ಯಾ, ಚಹಾ ಭಾಳ ಸಿಹಿ ಇತ್ತೇನು?"

ಅವನು ನೇರ ಮನೆಗೆ ಬಂದ. ಗುರುತು ಬರೆಯುವುದನ್ನು ನಿಲ್ಲಿಸಲೇ ಎಂದು ದ್ರೌಪದಿಯನ್ನು ಕೇಳಿದ. "ನಿಲ್ಲಸಿದ್ರ ಅಮೀನ ನಿನ್ನ ಕೇಳ್ತಾನ, ಬರದ್ರ ಊರು ಕೇಳ್ತದ," ಎಂದಳು ಅವಳು. "ಆ ಹೊತ್ತಿಗಿ ನೆನಪಿಲ್ಲ ಅಂದಿದ್ರ ನಿನ್ನ ಗಂಟ ಏನ್ ಹೋಗ್ತಿತ್ತು?"

ಇಂಥ ದಿನಗಳಲ್ಲಿ ಹೊಲಗೇರಿಯ ಸೈದಪ್ಪ ಬಂದ. ಉಬ್ಬೆಗೆ ಬೇಕಾದ ಜಾಲಿ ಕಟ್ಟಿಗೆ ತಂದು ಹಾಕುತ್ತಿದ್ದವನು ಅವನೇ. ಇಪ್ಪತ್ತೈದರ ಪ್ರಾಯ, ಮಾತು ಕಡಿಮೆ. ಕಟ್ಟಿಗೆ ಇಳಿಸಿ, ಬಂಡೆಯಿಂದ ನಾಲ್ಕು ಮಾರು ದೂರ ನಿಂತು, ಪೀರಪ್ಪ ಮೇಲಿಂದ ಬಿಟ್ಟ ಬೀಡಿ ಹಿಡಿದು ಸೇದುವನು. ಅಂದು ಬೀಡಿ ಬೇಡ ಅಂದ.

"ಅಣ್ಣಾ, ಒಂದ ಅಂಗಿ ಬೇಕಾಗಿತ್ತು. ಒಂದ ದಿವಸಕ್ಕ."

"ಯಾಕಲೇ?"

"ತಮ್ಮಗ ಹೆಣ್ಣ ನೋಡಾಕ ಅತನೂರಿಗಿ ಹೋಗಬೇಕು. ಗುರುತಿಲ್ಲದ ಅಂಗಿ ಹಾಕ್ಕೊಂಡ ಹೋದ್ರ ನಾಕಾದಾಗ ಕೂಡಸ್ತಾರ. ನಮ್ಮ ಬಟ್ಟಿಗಿ ನೀ ಯಾವಾಗ ಗುರುತ ಹಾಕಿದಿ? ದೊಡ್ಡ ಮನಿ ಗುರುತ ಇದ್ರ ಆ ಮನಿ ಆಳು ಅಂತ ಬಿಡ್ತಾರ."

ಅಗಸರ ಮನೆಯಿಂದ ಲಗ್ನಕ್ಕೋ ಬೀಗರ ಊರಿಗೋ ಒಂದು ದಿನದ ಮಟ್ಟಿಗೆ ಅಂಗಿ ಎರವಲು ಹೋಗುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಬಟ್ಟೆಯ ಧಣಿಗಳಿಗೂ ಗೊತ್ತಿರುತ್ತಿತ್ತು, ಕಂಡೂ ಕಾಣದಂತಿರುತ್ತಿದ್ದರು. ಆದರೆ ಕೊಡುವುದು ಒಕ್ಕಲಿಗನಿಗೆ, ಕುರುಬನಿಗೆ, ಹೆಚ್ಚೆಂದರೆ ಬಡಿಗನಿಗೆ. ಹೊಲಗೇರಿಗೆ ಕೊಟ್ಟದ್ದು ಪೀರಪ್ಪನ ಅಪ್ಪನ ಕಾಲಕ್ಕೂ ಇಲ್ಲ. ಆ ಕೇರಿಯ ಬಟ್ಟೆಯನ್ನು ಅಗಸರು ಮುಟ್ಟುತ್ತಲೇ ಇರಲಿಲ್ಲ. ಹೆಣ್ಣು ನೋಡುವ ಮಾತು ಸುಳ್ಳಿರಬಹುದು ಎಂದು ಪೀರಪ್ಪನಿಗೆ ಅನಿಸಿತು. ಕೇಳಲಿಲ್ಲ. ವಹಿ ಮಾಡಿಸಿದ ಪಾಪಕ್ಕೆ ಇದೊಂದು ಪರಿಹಾರವಾದೀತು ಎಂದು ಮನಸ್ಸು ಒಂದು ಕಡೆ ಹೇಳಿತು. ಸುತ್ತ ನೋಡಿ, ಒಣಗಿದ ರಾಶಿಯಿಂದ ಒಂದು ಬಿಳಿ ಅಂಗಿ ಎಳೆದು ಹುಲ್ಲಿನ ಮೇಲೆ ಇಟ್ಟ. ಶರಣಬಸಮ್ಮನ ಮಗ ದೌಲತರಾಯನ ಅಂಗಿ. ಆ ಮನೆಯಲ್ಲಿ ಬಟ್ಟೆ ಬಹಳ, ಎಣಿಸುವವರಿಲ್ಲ.

ಸೈದಪ್ಪ ತಾನೇ ಬಗ್ಗಿ ಎತ್ತಿಕೊಂಡ.

ಮೂರನೆಯ ದಿನ ಸುದ್ದಿ ಬಂತು. ಅತನೂರಿನ ಆಚೆ ಠಾಣೆಯಿಂದ ಠಾಣೆಗೆ ಎಳೆದ ತಂತಿಯನ್ನು ಯಾರೋ ಆರು ಕಂಬದಷ್ಟು ಕತ್ತರಿಸಿದ್ದರು. ಹಾಡುಹಗಲೇ. ಜವಾನರು ಬೆನ್ನಟ್ಟಿದಾಗ ಒಬ್ಬನ ಅಂಗಿ ಜಾಲಿಕಂಟಿಗೆ ಸಿಕ್ಕು, ಅವನು ಅಂಗಿ ಬಿಟ್ಟು ಓಡಿದ್ದ.

ಅಮೀನರು ಆ ಅಂಗಿಯನ್ನು ಹಿಡಿದುಕೊಂಡು ಊರ ಚಾವಡಿಗೆ ಬಂದು ಕುಳಿತರು. ವಹಿಯೂ ಬಂದಿತ್ತು. ದೌಲತರಾಯನನ್ನು ಕರೆಸಿದರು, ಪೀರಪ್ಪನನ್ನೂ ಕರೆಸಿದರು. ಊರೆಲ್ಲ ಸುತ್ತ ನಿಂತಿತ್ತು. ದೌಲತರಾಯ ಇಪ್ಪತ್ತೆರಡರ ಹುಡುಗ, ತಂದೆಯಿಲ್ಲ. ಫೇರಿಯಲ್ಲಿ ಎರಡು ಸಲ ಹೋಗಿದ್ದ, ದನಿ ಚೆನ್ನಾಗಿದೆ ಎಂದು ಕರೆದರು ಎಂದು. ಅದಕ್ಕಿಂತ ಹೆಚ್ಚಿನದು ಅವನಿಗೆ ಗೊತ್ತಿರಲಿಲ್ಲ.

ಅಮೀನರು ಕೊರಳಪಟ್ಟಿ ಮಗುಚಿ ವಹಿಯ ಪಕ್ಕಕ್ಕೆ ಹಿಡಿದರು. "ಹಕ್ಕಿಕಾಲು, ಕೆಳಗ ಮೂರು ಚುಕ್ಕಿ. ಹೌದಲ್ಲೋ ಪೀರಪ್ಪ? ನೀನೇ ಬರಸಿದ್ದು."

"ಹೌದ್ರಿ."

"ಶರಣಬಸಮ್ಮನ ಮನಿದು?"

"ಹೌದ್ರಿ."

ಎರಡೂ ನಿಜವೇ. ಮೂರನೆಯದೊಂದು ನಿಜ ಪೀರಪ್ಪನ ಬಾಯಲ್ಲಿತ್ತು. ಅದು ಹೊರಗೆ ಬರಲಿಲ್ಲ.

"ನನ್ನ ಮಗ ಅವತ್ತ ಮನ್ಯಾಗಿದ್ದ," ಎಂದಳು ಶರಣಬಸಮ್ಮ ಹೆಂಗಸರ ಗುಂಪಿನಿಂದ. "ಜ್ವರ ಬಂದು ಮಲಗಿದ್ದ."

"ಎಲ್ಲಾರ ತಾಯಂದಿರೂ ಹಿಂಗೇ ಅಂತಾರ," ಎಂದು ಅಮೀನರು ದೌಲತರಾಯನ ಕಡೆ ತಿರುಗಿದರು. "ಈ ಅಂಗಿ ನಿಂದು. ನಿನ್ನ ಮೈಮ್ಯಾಲ ಇರಲಿಲ್ಲ ಅಂದ್ರ ಎಲ್ಲಿತ್ತು? ಯಾರ ಹತ್ತಿರ ಇತ್ತು?"

ದೌಲತರಾಯ ಅಂಗಿ ನೋಡಿದ. ಆಮೇಲೆ ಪೀರಪ್ಪನನ್ನು ನೋಡಿದ. ಸೋಮವಾರ ಗಂಟಿನಲ್ಲಿ ಅದನ್ನು ತಾನೇ ಹಾಕಿ ಕೊಟ್ಟದ್ದು ಅವನಿಗೆ ನೆನಪಿತ್ತು; ತಿರುಗಿ ಬಾರದ್ದೂ ನೆನಪಿತ್ತು. ಅಗಸನ ಹತ್ತಿರ ಇತ್ತು ಎಂದು ಒಂದು ಮಾತು ಅಂದರೆ ಸಾಕು, ಅಮೀನರ ಬೆತ್ತ ಆ ಕಡೆ ತಿರುಗುತ್ತಿತ್ತು. ಅಗಸನ ಬೆನ್ನಿನಿಂದ ಮತ್ತೊಬ್ಬನ ಹೆಸರು ಹೊರಗೆ ಬರುತ್ತಿತ್ತು. ಆ ಹುಡುಗ ಪೀರಪ್ಪನ ಮುಖ ನೋಡುತ್ತ ಒಂದು ಕ್ಷಣ ತಡೆದ. ಪೀರಪ್ಪ ನೆಲ ನೋಡಿದ.

"ನಂದೇ," ಎಂದ ದೌಲತರಾಯ. "ಒಗದು ಬಂದಿತ್ತು. ನಾನೇ ಹಾಕ್ಕೊಂಡಿದ್ದೆ."

ಅವನಿಗೆ ಹಗ್ಗ ಹಾಕಿ ಕರೆದೊಯ್ದರು. ಹೋಗುವಾಗ ಅವನು ತಾಯಿಯನ್ನು ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಶರಣಬಸಮ್ಮ ಹಳ್ಳಕ್ಕೆ ಬಂದಳು. ಆಳುಗಳನ್ನು ಕರೆತಂದಿರಲಿಲ್ಲ. ದಿನಾ ಲಿಂಗಪೂಜೆ ಮಾಡಿ, ವಚನ ಹೇಳಿಕೊಂಡೇ ಉಣ್ಣುವ ಹೆಂಗಸು. ಯಾರಿಗೂ ಬಿರುಸು ಮಾತಾಡಿದವಳಲ್ಲ.

"ಪೀರಪ್ಪ, ಒಂದ ಮಾತ ಕೇಳ್ತೇನಿ. ಆ ವಾರ ಆ ಅಂಗಿ ನಮ್ಮ ಮನಿಗಿ ತಿರುಗಿ ಬಂದಿತ್ತೇನಪ್ಪ? ನಾ ಗಂಟ ಬಿಚ್ಚಿದಾಗ ಕಂಡ ನೆನಪಿಲ್ಲ."

ಅವಳ ಹಿಂದೆ ಹಳ್ಳದ ದಂಡೆಯ ಮೇಲೆ ಗೌಡರ ಮನೆಯ ಹೆಣ್ಣಾಳು ಬಟ್ಟೆ ಹಿಂಡುತ್ತಿದ್ದಳು. ಇಲ್ಲ ಎಂದರೆ ಎಲ್ಲಿ ಹೋಯಿತು ಎಂಬ ಮಾತು ಬರುತ್ತದೆ. ಎಲ್ಲಿ ಹೋಯಿತು ಎಂದರೆ ಸಂಜೆಯೊಳಗೆ ನಲವತ್ತಮೂರು ಮನೆಗೂ ತಿಳಿಯುತ್ತದೆ.

"ಬಂದಿತ್ರಿ ಅವ್ವಾರ. ಗಂಟಿನಾಗ ನಾನೇ ಇಟ್ಟಿದ್ದೆ."

"ಹಂಗಾದ್ರ ನಾನೇ ನೋಡಿಲ್ಲ. ನಿನ್ನ ಕೈ ತಪ್ಪಂಗಿಲ್ಲ," ಎಂದಳು. "ಜ್ವರ ಅಂತ ಮಲಗಿದವ ಯಾವಾಗ ಎದ್ದು ಹೋದ್ನೋ. ನನಗ ಸುಳ್ಳು ಹೇಳಿದ್ನಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಹಳ್ಳದ ಏರಿ ಹತ್ತಿ ಹೋದಳು.

ಪೀರಪ್ಪ ಅಂದು ಒಗೆಯುವುದನ್ನು ಬಿಟ್ಟು ಬಂಡೆಯ ಮೇಲೆ ಕೂತ. ಮಗನ ಮೇಲಿನ ನಂಬಿಕೆಯನ್ನು ತೆಗೆದು ಅವಳು ತನ್ನ ಕೈಯ ಮೇಲೆ ಇಟ್ಟು ಹೋಗಿದ್ದಳು.

ಹೋಳಿ ಕಳೆದ ಮೇಲೆ ಸೈದಪ್ಪ ಬಂದ. ತಲೆಯ ಮೇಲೆ ಹುಲ್ಲಿನ ಹೊರೆ, ಗಡ್ಡ ಬೆಳೆದಿತ್ತು. ಸರಹದ್ದಿನ ಆಚೆ ಕ್ಯಾಂಪಿನಲ್ಲಿದ್ದನಂತೆ. ಹೊರೆ ಇಳಿಸಿ ಎಂದಿನಂತೆ ದೂರ ನಿಂತ.

"ತಂತಿ ಕಡದವ ನಾನೇ, ಅಣ್ಣಾ. ಆ ಹುಡುಗ ಒಳಗ ಕುಂತಾನ ಅಂತ ನಿನ್ನೆ ಕೇಳಿದೆ. ಗುಲಬರ್ಗಾ ಜೇಲಿಗಿ ಒಯ್ದಾರಂತ. ನಾ ಠಾಣೆಗಿ ಹೋಗ್ತೇನಿ. ನೀ ಅಂಗಿ ನನಗ ಕೊಟ್ಟಿದ್ದೆ ಅಂತ ಒಂದ ಮಾತ ಹೇಳು ಸಾಕು. ನನ್ನ ಮಾತ ಒಂದೇ ಅಂದ್ರ ಅವರು ನಂಬಂಗಿಲ್ಲ."

ಪೀರಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಬಂಡೆಯ ಮೇಲೆ ಬಿಟ್ಟ. ಅವನು ಸೈದಪ್ಪನ ಹತ್ತಿರಕ್ಕೆ ಬಂದ. ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ.

"ಹುಚ್ಚ ಅದೀ ಏನಲೇ? ನೀ ಸಿಕ್ರ ನಿನ್ನ ಬಾಯಿಂದ ಹೊಡದು ಹೊಡದು ಹತ್ತು ಮಂದಿ ಹೆಸರ ಹೊರಗ ತೆಗಿತಾರ. ನಿಮ್ಮ ಕೇರಿಗಿ ಬೆಂಕಿ ಹಚ್ತಾರ. ರಜಾಕಾರರಿಗಿ ಅಷ್ಟೇ ಬೇಕಾಗ್ಯಾದ. ದೌಲತರಾಯ ದೊಡ್ಡ ಮನಿ ಮಗ, ಅವಗ ಏನೂ ಮಾಡಂಗಿಲ್ಲ, ನಾಕ ದಿವಸ ಇಟ್ಕೊಂಡು ಬಿಡ್ತಾರ. ನೀ ತಿರುಗಿ ಹೋಗು. ನಿನ್ನ ಸಲುವಾಗಿ ಹೇಳ್ತೇನಿ ತಮ್ಮಾ."

ಒಂದೊಂದು ಮಾತೂ ಹಿಡಿದು ತೂಗಿದರೆ ತೂಕದ ಮಾತೇ. ಆದರೆ ಆ ಹೊತ್ತು ಪೀರಪ್ಪನ ಕಣ್ಣೆದುರು ಸೈದಪ್ಪನ ಕೇರಿ ಇರಲಿಲ್ಲ. ನಲವತ್ತಮೂರು ಮನೆಯ ಬಾಗಿಲುಗಳಿದ್ದವು, ಒಂದೊಂದಾಗಿ ಮುಚ್ಚುತ್ತ.

ಸೈದಪ್ಪ ತಲೆ ತಗ್ಗಿಸಿ ನಿಂತಿದ್ದ. "ತಮ್ಮಾ ಅಂದಿ," ಎಂದ. ಸ್ವಲ್ಪ ನಕ್ಕ. "ನನಗ ಯಾರೂ ಅಂದಿಲ್ಲ ಹಂಗ. ನೀ ಹೇಳಿದಂಗ ಆಗ್ಲಿ, ಅಣ್ಣಾ." ಹುಲ್ಲಿನ ಹೊರೆ ಎತ್ತಿಕೊಂಡು ಹೋದ.

ನಾಲ್ಕು ದಿನ ಆರು ತಿಂಗಳಾಯಿತು. ಊರಿನಲ್ಲಿ ಮತ್ತೆ ಫೇರಿ ಏಳಲಿಲ್ಲ. ಆದರೆ ದೌಲತರಾಯನ ಹೆಸರು ಏರಿತು. ಅವನ ಹೆಸರಿನ ಹಿಂದೆ ಪೀರಪ್ಪನದೂ ಏರಿತು. ಚಾವಡಿಯಲ್ಲಿ ದೌಲತರಾಯ ಅಗಸನ ಕಡೆ ನೋಡಿದ್ದನ್ನು ಕಂಡವರಿದ್ದರು. ಪೀರಪ್ಪನಿಗೆ ಏನೋ ಗೊತ್ತಿದೆ, ಯಾರನ್ನೋ ಉಳಿಸಿದ್ದಾನೆ, ಜೀವ ಹೋದರೂ ಬಾಯಿ ಬಿಡಲಿಲ್ಲ ಎಂದು ಮಾತು ಕಟ್ಟಿದರು. ಗಾಣದ ಮನೆಯ ಮುದುಕಿ ಸಜ್ಜಿ ರೊಟ್ಟಿ ಕಳಿಸಿದಳು. ಒಂದೊಂದೇ ಮನೆಯ ಗಂಟು ತಿರುಗಿ ಬರತೊಡಗಿತು. ಒಲ್ಲೆ ಎನ್ನುವ ಧೈರ್ಯವೂ ಅವನಿಗಾಗಲಿಲ್ಲ.

ಭಾದ್ರಪದದಲ್ಲಿ ಹಿಂದೂಸ್ಥಾನದ ಫೌಜು ಬಂತು. ನಿಜಾಮನ ಆಳಿಕೆ ಐದು ದಿನಕ್ಕೆ ಮುಗಿಯಿತು. ಜೇಲುಗಳ ಬಾಗಿಲು ತೆರೆದವು. ದೌಲತರಾಯ ಬರುತ್ತಾನೆಂದು ಮಲ್ಲಣ್ಣ ಮಾಸ್ತರರು ಮುಂದೆ ನಿಂತು ತಯಾರಿ ಮಾಡಿಸಿದರು. "ಊರ ಅಗಸೆ ಬಾಗಿಲಿನಿಂದ ಚಾವಡಿತನಕ ನಡಿಮಡಿ ಹಾಸಬೇಕು ಪೀರಪ್ಪ," ಎಂದರು. "ಈ ಮಾನ ನಿನಗೇ ಸಲ್ಲಬೇಕು."

ದೇವರು ಬಂದಾಗ, ಮದುಮಗ ಬಂದಾಗ ಅವರು ನೆಲ ಮೆಟ್ಟದಂತೆ ಅಗಸ ಒಗೆದ ಬಟ್ಟೆ ಹಾಸುತ್ತ ಹೋಗುತ್ತಾನೆ. ನಡೆದು ಮುಗಿದದ್ದನ್ನು ಹಿಂದಿನಿಂದ ತೆಗೆದು ಮುಂದೆ ಹಾಸುತ್ತಾನೆ. ಅದೇ ನಡಿಮಡಿ. ಪೀರಪ್ಪ ನಾಲ್ಕು ಬಿಳಿ ಸೀರೆ ತಂದಿದ್ದ. ಬಂಡಿಯಿಂದ ದೌಲತರಾಯ ಇಳಿದ. ಮೂಳೆ ಎದ್ದು ಕಾಣುತ್ತಿದ್ದವು. ಎಡಗೈಯ ಬೆರಳುಗಳು ಸೊಟ್ಟಗಾಗಿ ಮುಷ್ಟಿ ಮಡಚುತ್ತಿರಲಿಲ್ಲ. ಎಡಕಿವಿಗೆ ಹೊಡೆತ ಬಿದ್ದು ಕೇಳಿಸುತ್ತಿರಲಿಲ್ಲ. ಜನ ಮಾತಾಡಿಸಿದರೆ ಬಲಗಿವಿ ತಿರುಗಿಸುತ್ತಿದ್ದ. ತಾಯಿ ಅವನ ಪಕ್ಕದಲ್ಲಿ ನಡೆದಳು.

ಪೀರಪ್ಪ ಹಾಸಿದ, ತೆಗೆದ, ಮತ್ತೆ ಹಾಸಿದ. ಬಗ್ಗಿದ ಅವನ ಕಣ್ಣಿಗೆ ಕಾಣುತ್ತಿದ್ದದ್ದು ದೌಲತರಾಯನ ಪಾದಗಳಷ್ಟೇ. ಬೇಡಿ ಹಾಕಿದ ಕಡೆ ಕಪ್ಪು ಉಂಗುರ ಬಿದ್ದಿತ್ತು. ಓಣಿಯ ಎರಡೂ ಬದಿಗೆ ಜನ. ಯಾರೋ, "ಬಾಯಿ ಬಿಡದವನ ಕೈಯಾಗಿನ ನಡಿಮಡಿ!" ಎಂದರು, ಎಲ್ಲರೂ ಹೌದೆಂದು ಕೂಗಿದರು. ಪೀರಪ್ಪ ತೆಗೆದ ಸೀರೆಯನ್ನು ಮುಂದೆ ಹಾಸಲಿಲ್ಲ. ಅದನ್ನು ಎದೆಗೆ ಅವಚಿಕೊಂಡು ದಾರಿಯ ನಡುವೆ ನಿಂತುಬಿಟ್ಟ.

"ಹಾಸು ಪೀರಪ್ಪ," ಎಂದರು ಮಾಸ್ತರರು.

"ಮಾಸ್ತರ್ರಿ, ನಾ ಹಾಸಬಾರದು." ಅವನ ದನಿ ಮೊದಲು ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು. "ಆ ಅಂಗಿ ಇವರ ಮೈಮ್ಯಾಲ ಇರಲಿಲ್ಲ. ಮನಿಗೂ ತಿರುಗಿ ಹೋಗಿರಲಿಲ್ಲ. ನಾ ಎರವಲ ಕೊಟ್ಟಿದ್ದೆ. ಸೈದಪ್ಪಗ ಕೊಟ್ಟಿದ್ದೆ. ತಂತಿ ಕಡದವ ಅವನೇ. ತಾನೇ ಒಳಗ ಹೋಗ್ತೇನಿ ಅಂತ ಬಂದಿದ್ದ, ನಾನೇ ಬ್ಯಾಡ ಅಂದೆ. ಅವನ ಸಲುವಾಗಿ ಅಂತ ಹೇಳಿದೆ. ಅವನ ಸಲುವಾಗಿ ಅಲ್ಲ. ಹೊಲಗೇರಿಗಿ ಅಂಗಿ ಕೊಟ್ಟೀನಿ ಅಂತ ಗೊತ್ತಾದ್ರ ನೀವ್ಯಾರೂ ನನಗ ಬಟ್ಟಿ ಹಾಕಂಗಿಲ್ಲ ಅಂತ ಅಂಜಿದೆ. ಇಷ್ಟೇ ಇದ್ದದ್ದು."

ಶರಣಬಸಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಬಂದಿತ್ತು ಅಂದಿದ್ದೆಲ್ಲೋ ನೀ ನನಗ," ಎಂದಳು. "ನಾ ಜೇಲಿಗಿ ಹೋಗಿ, ನನಗ ಯಾಕ ಸುಳ್ಳು ಹೇಳಿದಿ ಅಂತ ಇವನ ಮ್ಯಾಲ ಸಿಟ್ಟ ಮಾಡಿ ಬಂದೀನಿ. ಮತ್ತ ಹೋಗಲೇ ಇಲ್ಲ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಬೈಗುಳ ಬರುತ್ತದೆ, ಯಾರಾದರೂ ಕೈ ಎತ್ತುತ್ತಾರೆ ಎಂದು ಪೀರಪ್ಪ ಕಾದ. ಅಂಥದ್ದನ್ನು ಅವನು ಬೇಕೆಂದೇ ಕಾದ. ಆದರೆ ಗೌಡರ ಮನೆಯ ಹಿರಿಯರು ಕೇಳಿದ್ದು ಬೇರೆ.

"ನಮ್ಮ ಮನಿ ಅಂಗಿ ಯಾರ್ಯಾರಿಗಿ ಕೊಟ್ಟೀದಿ? ಅದನ್ನ ಹೇಳು ಮೊದಲ."

"ನಮ್ಮವು?" ಎಂದ ಮತ್ತೊಬ್ಬ. "ಲಗ್ನದ ರೇಶಮಿ ಅಂಗಿ ಹಾಕಿದ್ದೆ ನಾ ನಿನಗ."

"ಉಬ್ಬಿ ಹಂಡೆ ಒಂದೇ ಅದ ಅಲ್ಲ, ಯವ್ವಾ," ಎಂದಿತು ಒಂದು ಹೆಣ್ಣುದನಿ.

ದೌಲತರಾಯ ಬಲಗಿವಿ ತಿರುಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ನಡಿಮಡಿಯಿಂದ ಕೆಳಗಿಳಿದು ಬರಿ ನೆಲದ ಮೇಲೆ ನಿಂತ. "ನಿನ್ನ ಹತ್ತಿರ ಇತ್ತಂತ ನನಗ ಗೊತ್ತಿತ್ತು," ಎಂದ ಪೀರಪ್ಪನಿಗೆ. "ಯಾರಿಗಿ ಕೊಟ್ಟಿದ್ದಿ ಅಂತ ಗೊತ್ತಿರಲಿಲ್ಲ. ಗೊತ್ತಿದ್ರ ಹೇಳಿಬಿಡ್ತಿದ್ದೆನೋ ಏನೋ. ಬೆರಳ ಮುರಿಯೋವಾಗ ಹೇಳಿಬಿಡ್ತಿದ್ದೆ." ಸುತ್ತ ನೋಡಿ, "ಸೈದಪ್ಪ ಎಲ್ಲಿ?" ಎಂದ.

ಸೈದಪ್ಪ ಅಗಸೆಯ ಹೊರಗೆ, ತನ್ನ ಕೇರಿಯವರ ಜೊತೆ ನಿಂತಿದ್ದ. ಪೀರಪ್ಪ ಹೇಳಿದ್ದೆಲ್ಲ ಅಲ್ಲಿಗೆ ಕೇಳಿಸಿತ್ತು. ಕರೆದರೂ ಅವನು ಬರಲಿಲ್ಲ.

ಅಂದು ಸಂಜೆ ಮಾಸ್ತರರು ಮೂರು ಮಂದಿಯನ್ನು ಕರೆದುಕೊಂಡು ಆಳಂದದ ಠಾಣೆಗೆ ಹೋದರು, ಆ ವಹಿ ಸುಡಿಸಬೇಕು ಎಂದು. ಅಮೀನರ ಕುರ್ಚಿಯಲ್ಲಿ ಹೊಸ ಸಾಹೇಬರಿದ್ದರು. ವಹಿ ತರಿಸಿ ನೋಡಿ, "ಭಾಳ ಛಲೋ ಕೆಲಸ ಮಾಡ್ಯಾರ," ಎಂದು ಮತ್ತೆ ಕಪಾಟಿನಲ್ಲಿ ಇಡಿಸಿದರಂತೆ. ಕೀಲಿ ಹಾಕಿದವನು ರಸೂಲನೇ. ಆದರೆ ಆ ಹೊತ್ತಿಗೆ ಊರಿಗೆ ವಹಿಯ ಚಿಂತೆ ಅಷ್ಟಿರಲಿಲ್ಲ. ಮನೆಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಅಂಗಿ ಕೊಡವಿ ನೋಡುವುದರಲ್ಲಿ ಇದ್ದರು.

ಮರುದಿನ ಬೆಳಿಗ್ಗೆ ಪೀರಪ್ಪನಿಗೆ ಬಂದದ್ದು ಎರಡೇ ಗಂಟು. ಒಂದು ಮಾಸ್ತರರದು, ಇನ್ನೊಂದು ಶರಣಬಸಮ್ಮನದು, ಏನೂ ಹೇಳದೆ ಆಳಿನ ಕೈಯಲ್ಲಿ ಕಳಿಸಿದ್ದಳು. ಅದನ್ನು ಬಿಚ್ಚುವ ಕೈ ಬಾರದೆ ಅವನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಗ ಸೈದಪ್ಪ ಬಂದ. ಬರಿಗೈಯಲ್ಲಿ ಬಂದಿದ್ದ. ಈ ಸಲ ದೂರ ನಿಲ್ಲಲಿಲ್ಲ. ಬಂಡೆಯ ಹತ್ತಿರವೇ ಬಂದ.

"ನನ್ನ ಸಲುವಾಗಿ ಅಲ್ಲ ಅಂದಿ ನಿನ್ನೆ."

"ಹೌದು."

"ಆರು ತಿಂಗಳು ನಾ ಕ್ಯಾಂಪಿನಾಗ ಎಲ್ಲಾರ ಮುಂದ ಹೇಳೀನಿ. ನಮ್ಮೂರಾಗ ನನಗ ಒಬ್ಬ ಅಣ್ಣ ಅದಾನ ಅಂತ."

ಪೀರಪ್ಪ ಗಂಟಿನ ಕಡೆ ನೋಡಿದ.

"ಒಂದ ಕೇಳ್ತೇನಿ," ಎಂದ ಸೈದಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಗಿ ಕಂಟಿಗಿ ಸಿಗದ ಹೋಗಿದ್ರ, ಮರುದಿವಸ ನಾ ತಿರುಗಿ ತಂದ ಕೊಟ್ಟಿದ್ರ, ನೀ ಏನ್ ಮಾಡ್ತಿದ್ದಿ ಅದನ್ನ?"

"ಒಗಿತಿದ್ದೆ."

"ಎಲ್ಲಾರ ಬಟ್ಟಿ ಸಂಗಟ?"

ಹೌದು ಎನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆ ಮಾತನ್ನು ಅವನು ಬಹಳ ಸಲ ಆಡಿದ್ದ.

"ಇಲ್ಲ," ಎಂದ ಪೀರಪ್ಪ. "ಬ್ಯಾರೆ."

"ಎಷ್ಟ ಸಲ?"

"ಎರಡ ಸಲ. ಮೂರ ಸಲ ಆಗ್ತಿತ್ತೋ ಏನೋ."

ಸೈದಪ್ಪ ತಲೆಯಾಡಿಸಿದ. ಲೆಕ್ಕ ಸರಿಯಾಗಿ ಸಿಕ್ಕವನ ಹಾಗೆ, ಅಷ್ಟೇ. ಏರಿಯ ಕಡೆ ತಿರುಗಿ ನಡೆದ. ಅವನು ಮೇಲೆ ಹತ್ತಿ ಕಾಣದಾಗುವ ತನಕ ಪೀರಪ್ಪ ನೀರಿನಲ್ಲೇ ನಿಂತಿದ್ದ. ಕರೆಯಬೇಕೆಂದು ಎರಡು ಸಲ ಬಾಯಿ ತೆರೆದ. ಏನೆಂದು ಕರೆಯಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.